ಚೀಟಿಯ ಬೆನ್ನಿಗೆ ಬರೆದಿಡಿ

ಧಾರವಾಡ, ಗದಗ, ಹಾವೇರಿ ಸೀಮೆಯ ಹತ್ತಿ ಬೆಳೆಗಾರರಿಗೆ,

ಹತ್ತಿ ಬಿಡಿಸುವ ದಿನಗಳಲ್ಲಿ ಪತ್ರ ಓದುವಷ್ಟು ಪುರಸೊತ್ತು ನಿಮಗೆಲ್ಲಿ ಎಂದು ಗೊತ್ತು. ಆದರೆ ಅಂಡಿಗೆ ಕಟ್ಟಿ, ಗಾಡಿ ಹೇರಿ, ಪೇಟೆಗೆ ಬಂದು ಇಳಿಸಿದ ಮೇಲೆ ಸವಾಲು ಶುರುವಾಗುವ ತನಕ ಎರಡು ತಾಸು ಕೂತು ಕಾಯುವುದಿರುತ್ತದಲ್ಲ, ಈ ಪತ್ರ ಆ ಹೊತ್ತಿಗೆ.

ನಾನು ರೈತನಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಬೆಳೆಸಾಲದ ಕಾಗದ ಬರೆದವನು. ನಿಮ್ಮ ಹತ್ತಿಯ ಲೆಕ್ಕ ಬರೆದೇ ಎರಡು ತಲೆಮಾರು ಹೊಟ್ಟೆ ಹೊರೆದ ಮನೆತನ ನಮ್ಮದು. ಆ ಋಣ ಇಟ್ಟುಕೊಂಡೇ ಒಂದು ಮಾತು ಕೇಳಬೇಕಾಗಿದೆ.

ಅಪ್ಪ ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ವಹಿ ಇದೆ. ಕೆಂಪು ಬಟ್ಟೆಯ ಹೊದಿಕೆ, ಸುತ್ತಲು ಒಂದು ದಾರ, ಒಳಗೆ ಉದ್ದುದ್ದ ಹಾಳೆಗಳು. ಅಂಗಡಿಯ ಕಿರ್ದಿಯಲ್ಲ, ಮನೆಗೆಂದು ತಾನೇ ಇಟ್ಟುಕೊಂಡಿದ್ದ ನಕಲು. ದಿನದ ಧಾರಣೆ, ಬಂದ ಅಂಡಿಗೆ, ಜವಾರಿಗೆ ಇಷ್ಟು, ಲಕ್ಷ್ಮಿಗೆ ಇಷ್ಟು, ವರಲಕ್ಷ್ಮಿಗೆ ಇಷ್ಟು. ಅಕ್ಷರ ಗುಂಡಗಿದೆ. ಆದರೆ ನಾನು ಆ ವಹಿಯನ್ನು ಜೋಪಾನ ಮಾಡಿದ್ದು ಧಾರಣೆಗಾಗಿ ಅಲ್ಲ. ಎಡಗಡೆ ಬಿಟ್ಟ ಎರಡು ಬೆರಳಿನಷ್ಟು ಖಾಲಿ ಜಾಗದಲ್ಲಿ ಅಪ್ಪ ಆಗಾಗ ಏನಾದರೂ ಗೀಚುತ್ತಿದ್ದ. 1974ರ ಮಳೆಗಾಲದ ಒಂದು ಪುಟದಲ್ಲಿ ಹೀಗಿದೆ: 'ಅರಬರ ಲಡಾಯಿ. ಗೊಬ್ಬರ ತೇಜಿ. ವರಲಕ್ಷ್ಮಿ ಹಾಕಿದವರು ಸತ್ತರು.'

ಹಿರಿಯರಿಗೆ ನೆನಪಿರಬಹುದು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ಬೆಳೆಸಿದ ವರಲಕ್ಷ್ಮಿ ತಳಿ ಹೊಲಕ್ಕೆ ಬಂದದ್ದು 1972ರಲ್ಲಿ. ಉದ್ದ ಎಳೆ, ಕೈತುಂಬ ಇಳುವರಿ, ಆದರೆ ಹೊಟ್ಟೆಬಾಕ ಬೆಳೆ. ಜವಾರಿ ಹತ್ತಿ ತಿಪ್ಪೆ ಗೊಬ್ಬರದಲ್ಲಿ ಬೆಳೆದರೆ ಇದಕ್ಕೆ ಚೀಲದ ಗೊಬ್ಬರವೇ ಬೇಕು. ಮರುವರ್ಷ ಅಕ್ಟೋಬರ್‌ನಲ್ಲಿ ಈಜಿಪ್ಟ್, ಸಿರಿಯಾ ಒಂದು ಕಡೆ, ಇಸ್ರೇಲ್ ಒಂದು ಕಡೆ ನಿಂತು ಕಾದವು. ಮೂರು ವಾರ ಕೂಡ ನಡೆಯದ ಯುದ್ಧ. ಆದರೆ ಮೂರು ಡಾಲರ್‌ ಆಸುಪಾಸಿನಲ್ಲಿದ್ದ ಒಂದು ಪೀಪಾಯಿ ಕಚ್ಚಾತೈಲ 1974ರ ಜನವರಿಗೆ ಹನ್ನೊಂದು ದಾಟಿತ್ತು. ಆ ವರ್ಷ ನಮ್ಮಲ್ಲಿ ಯೂರಿಯಾ ಬೆಲೆ ಹತ್ತಿರಹತ್ತಿರ ಇಮ್ಮಡಿಯಾಯಿತು. ನವಲಗುಂದದಲ್ಲಿ ಹೊಸ ಬೀಜ ಊರಿದವನಿಗೆ ಸಿನಾಯ್ ಮರುಭೂಮಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಅವನ ಹೊಲದ ಖರ್ಚು ಅಲ್ಲಿ ತೀರ್ಮಾನವಾಯಿತು. ಅಪ್ಪ ಅದನ್ನು ಮೂರು ತುಂಡು ವಾಕ್ಯದಲ್ಲಿ ಬರೆದಿಟ್ಟ.

ಈ ವಹಿ ಕೈಗೆ ಬಂದ ಮೇಲೆ, ನಿವೃತ್ತಿಯ ಹುಚ್ಚೆನ್ನಿ, ನಮ್ಮ ಸೀಮೆಯ ಹತ್ತಿಗೂ ಪರದೇಶದ ಲಡಾಯಿಗೂ ಇರುವ ನಂಟನ್ನು ಹುಡುಕುತ್ತ ಹಿಂದೆ ಹಿಂದೆ ಹೋದೆ. ಹೋಗಿ ನಿಂತದ್ದು 1861ರಲ್ಲಿ.

ಆ ವರ್ಷ ಏಪ್ರಿಲ್ 12ರಂದು ಅಮೆರಿಕದ ಫೋರ್ಟ್ ಸಮ್ಟರ್ ಎಂಬ ಕೋಟೆಯ ಮೇಲೆ ತೋಪು ಹಾರಿತು. ಜೀತದಾಳುಗಳನ್ನು ಇಟ್ಟುಕೊಂಡ ದಕ್ಷಿಣದ ರಾಜ್ಯಗಳು ಒಂದು ಕಡೆ, ಲಿಂಕನ್ನರ ಸರ್ಕಾರ ಇನ್ನೊಂದು ಕಡೆ. ಒಂದೇ ವಾರದಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನ ಸಾರಿದರು. ದಕ್ಷಿಣದವರೂ ಕಡಿಮೆಯೇನಲ್ಲ. ಹತ್ತಿ ಕೊಡದಿದ್ದರೆ ಇಂಗ್ಲೆಂಡ್ ಮಂಡಿಯೂರಿ ನಮ್ಮ ಪರ ಬರುತ್ತದೆ ಎಂದು ಲೆಕ್ಕ ಹಾಕಿ ತಾವೇ ಹತ್ತಿಯನ್ನು ತಡೆಹಿಡಿದರು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ನೂಲುತ್ತಿದ್ದ ಅರಳೆಯಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಮಿಕ್ಕಿ ಆಗ ಅಮೆರಿಕದ್ದು. ಮೊದಲ ವರ್ಷ ಗೋದಾಮಿನಲ್ಲಿ ಹಳೆಯ ದಾಸ್ತಾನು ಇತ್ತು, ಬಿಸಿ ತಟ್ಟಲಿಲ್ಲ. 1862ರಲ್ಲಿ ತಟ್ಟಿತು. ಆ ಚಳಿಗಾಲಕ್ಕೆ ಲ್ಯಾಂಕಷೈರಿನಲ್ಲಿ ಐದು ಲಕ್ಷದ ಹತ್ತಿರ ಜನ ಧರ್ಮದ ಗಂಜಿಯ ಮೇಲೆ ಬದುಕುತ್ತಿದ್ದರು. ಗಿರಣಿಯವರಿಗೆ ಎಲ್ಲಿಂದಾದರೂ ಹತ್ತಿ ಬೇಕಿತ್ತು. ಕಣ್ಣು ಬಿದ್ದದ್ದು ನಮ್ಮ ಕಡೆ.

ನಮ್ಮ ಕಡೆ ಎಂದರೆ ಬರೀ ಹಿಂದೂಸ್ತಾನ ಎಂಬರ್ಥದಲ್ಲಿ ಹೇಳುತ್ತಿಲ್ಲ. ಖಾಸಾ ನಮ್ಮ ಕಡೆಯೇ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1840ರ ಸುಮಾರಿಗೆ, ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತು ಮಂದಿ ತೋಟಗಾರರನ್ನು ಸಂಬಳಕ್ಕೆ ಕರೆಸಿತ್ತು. ಆ ಪ್ರಯೋಗ ದೇಶದ ಉಳಿದ ಕಡೆ ಹೆಚ್ಚುಕಡಿಮೆ ನೆಲಕಚ್ಚಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನ ಎರೆಭೂಮಿಯಲ್ಲಿ ಮಾತ್ರ ನ್ಯೂ ಓರ್ಲಿಯನ್ಸ್ ಬೀಜ ಬೇರು ಬಿಟ್ಟಿತು. ಅದೇ ಮುಂದೆ ಲಿವರ್‌ಪೂಲ್ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂದು ಹೆಸರಾಯಿತು. ನಮ್ಮ ಜನ ವಿಲಾಯತಿ ಹತ್ತಿ ಎಂದರು. ನಮ್ಮ ಜವಾರಿ ಹತ್ತಿಗೂ ಅಲ್ಲೊಂದು ಹೆಸರಿತ್ತು. ಕುಮಟೆ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಅದು 'ಕುಂಪ್ಟಾ'. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಇಲ್ಲ. ಬೆಳೆದವನ ಊರು ಬಿಟ್ಟು ಹೇರಿದವನ ಊರು ಹೆಸರಾಗುವುದು ವ್ಯಾಪಾರದ ಹಳೆಯ ಚಾಳಿ.

ಜವಾರಿ ಹತ್ತಿಯಿಂದ ಕಾಳು ಬೇರೆ ಮಾಡುವ ಕೆಲಸ ಹೆಂಗಸರದ್ದು. ನಮ್ಮ ಅಜ್ಜಿಯ ತವರಿನಲ್ಲಿ, ಗದಗಿನ ಆಚೆ, ಬಚ್ಚಲ ಪಕ್ಕ ಒಂದು ಚಪ್ಪಟೆ ಕಲ್ಲಿತ್ತು. ನಾವು ಹುಡುಗರು ಬಟ್ಟೆ ಒಗೆಯುವ ಕಲ್ಲು ಅಂದುಕೊಂಡಿದ್ದೆವು. ನಡುವೆ ಸ್ವಲ್ಪ ತಗ್ಗಾಗಿ, ಕನ್ನಡಿಯ ಹಾಗೆ ನುಣುಪು. ಅದು ಹತ್ತಿ ಕಲ್ಲಂತೆ. ಕಲ್ಲಿನ ಮೇಲೆ ಹತ್ತಿ ಹರವಿ, ಅದರ ಮೇಲೊಂದು ಕಬ್ಬಿಣದ ಸಲಾಕೆ ಇಟ್ಟು, ಗಿಡ್ಡ ಮಣೆಯ ಮೇಲೆ ಕೂತು, ಪಾದಕ್ಕೆ ಮರದ ಅಟ್ಟೆ ಕಟ್ಟಿಕೊಂಡು ಆ ಸಲಾಕೆಯನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸಬೇಕು. ಅರಳೆ ಈಚೆ, ಕಾಳು ಆಚೆ. ಬೆಳಗಿನಿಂದ ಸಂಜೆ ತನಕ. ಸೊಂಟ ಏನಾಗಬೇಡ! ಲಿವರ್‌ಪೂಲಿನಲ್ಲಿ ಧಾರಣೆ ಏರಿತೆಂದರೆ ಆ ಸಲಾಕೆ ಉರುಳುವ ತಾಸುಗಳೂ ಏರಿದವು ಎಂದೇ ಅರ್ಥ. ವಿಲಾಯತಿ ಹತ್ತಿಗೆ ಮಾತ್ರ ಗರಗಸದ ಹಲ್ಲಿನ ಜಿನ್ ಬೇಕು. ಅದನ್ನು ಮಾಡಿ ರಿಪೇರಿ ಮಾಡಲು ಸರ್ಕಾರವೇ ಧಾರವಾಡದಲ್ಲೊಂದು ಕಾರ್ಖಾನೆ ಇಟ್ಟಿತ್ತು. ಬೀಜವೂ ಯಂತ್ರವೂ ಜೀತದ ತೋಟಗಳಿಂದ ಬಂದವು. ಈಗ ಅದೇ ಜೀತದ ಮೇಲಿನ ಯುದ್ಧದಿಂದ ನಮಗೆ ಬೆಲೆ ಬಂತು. ಇದನ್ನು ನೆನೆದಾಗಲೆಲ್ಲ ನನಗೆ ಏನೋ ಒಂಥರಾ ಆಗುತ್ತದೆ.

ಬೆಲೆಯೋ, ಕೇಳಲೇಬೇಡಿ. ಯುದ್ಧದ ಮೊದಲ ಎರಡೇ ವರ್ಷದಲ್ಲಿ ಮುಂಬಯಿಯಲ್ಲಿ ಹತ್ತಿ ನಾಲ್ಕು ಪಟ್ಟಾಯಿತು. 1860ರಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯಲ್ಲಿ ನಮ್ಮ ದೇಶದ ಪಾಲು ನೂರಕ್ಕೆ ಹದಿನಾರು. 1862ರಲ್ಲಿ ನೂರಕ್ಕೆ ಎಪ್ಪತ್ತೈದು. ಗುಣದಲ್ಲಿ ಅದು ಅಮೆರಿಕದ್ದರ ಸಮಕ್ಕೆ ಬರುವುದಲ್ಲ. ಗಿಡ್ಡ ಎಳೆ, ಮೇಲೆ ಕಸಕಡ್ಡಿ. ಲ್ಯಾಂಕಷೈರಿನಲ್ಲಿ ನಮ್ಮ ಕಡೆಯ ಹತ್ತಿಗೆಲ್ಲ ಒಟ್ಟಾಗಿ 'ಸೂರತ್' ಎಂಬ ಹೆಸರು. ದೇವರೇ ಹತ್ತಿ ಕಳಿಸು, ಸೂರತ್ ಮಾತ್ರ ಬೇಡ ಎಂದು ಅಲ್ಲಿನ ಕೂಲಿಗಳು ಚರ್ಚಿನಲ್ಲಿ ಬೇಡಿಕೊಂಡರು ಎಂಬ ಕತೆ ಇಂದಿಗೂ ಇದೆ. ಬೈದುಕೊಳ್ಳುತ್ತಲೇ ಕೊಂಡರು. ಕೊಳ್ಳುವವನ ಅವಸರ ಕಂಡ ಮೇಲೆ ಕಲಬೆರಕೆ ಬಾರದೆ ಇರುತ್ತದೆಯೇ? ವಿಲಾಯತಿಗೆ ಜವಾರಿ ಬೆರೆಸಿದರು, ತೂಕಕ್ಕೆ ನೀರು ಚಿಮುಕಿಸಿದರು, ಅಂಡಿಗೆಯ ಹೊಟ್ಟೆಗೆ ಕಾಳು, ಮಣ್ಣು. ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರ್ಕಾರ ಒಂದು ಕಾಯಿದೆಯನ್ನೇ ತಂದಿತು. ಯಾರು ಬೆರೆಸಿದರು ಎಂದರೆ ದಲ್ಲಾಳಿ ರೈತನನ್ನು ತೋರಿಸಿದ, ರೈತ ದಲ್ಲಾಳಿಯನ್ನು. ಗುಮಾಸ್ತನ ಮಗ ನಾನು, ಇದರಲ್ಲಿ ತೀರ್ಪು ಕೊಡುವುದಿಲ್ಲ.

ಯುದ್ಧ ಬಂದರೆ ನಕಾಶೆಯೂ ಬದಲಾಗುತ್ತದೆ, ಯುದ್ಧಭೂಮಿಯದೇ ಆಗಬೇಕೆಂದಿಲ್ಲ. ಉತ್ತರ ಕನ್ನಡ ಅಲ್ಲಿಯವರೆಗೆ ಮದ್ರಾಸಿಗೆ ಸೇರಿತ್ತು. ಕಾರವಾರ ಬಂದರನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ಅಲ್ಲಿಂದ ಸೀದಾ ಸಾಗಿಸಬೇಕೆಂಬ ಒತ್ತಡಕ್ಕೆ 1862ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಮ್ಯಾಂಚೆಸ್ಟರ್‌ನ ಗಿರಣಿದಾರರು ಕಂಪನಿ ಕಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳಿಸಿಬಿಟ್ಟರು. ಬಂದು ನೋಡಿದರೆ ಘಟ್ಟ ಇಳಿಯುವ ರಸ್ತೆಯೇ ಮುಗಿದಿಲ್ಲ. ಯುದ್ಧ ಮುಗಿಯುವ ಮೊದಲೇ ಆ ಕಂಪನಿ ಬಾಗಿಲು ಹಾಕಿತು. 1880ರ ದಶಕದಲ್ಲಿ ರೈಲು ಬಂದಾಗ ಅದು ಹುಬ್ಬಳ್ಳಿಯಿಂದ ಲೋಂಡಾ ಹಿಡಿದು ಗೋವೆಯ ಮುರ್ಮಗೋವಾಕ್ಕೆ ಇಳಿಯಿತು. ಕಾರವಾರ ರೈಲಿನ ಮುಖ ಕಂಡದ್ದು ಕೊಂಕಣ ರೈಲ್ವೆ ಬಂದ ಮೇಲೆ. ಹುಬ್ಬಳ್ಳಿ-ಅಂಕೋಲಾ ಹಳಿಯ ಮಾತು ಬೇಡ, ಅದಕ್ಕೆ ಬೇರೆಯೇ ಪತ್ರ ಬೇಕು.

ಪತ್ರ ಎಂದಾಗ ನೆನಪಾಯಿತು. 1862ರ ಕೊನೆಯ ರಾತ್ರಿ ಮ್ಯಾಂಚೆಸ್ಟರ್‌ನ ಕೂಲಿಕಾರರು ಸಭೆ ಸೇರಿ ಲಿಂಕನ್ನರಿಗೆ ಒಂದು ಪತ್ರ ಬರೆದರು. ದಿಗ್ಬಂಧನದಿಂದ ಹೊಟ್ಟೆಗಿಲ್ಲದೆ ಕೂತವರು, ಆದರೂ ಜೀತ ತೊಲಗಲಿ, ನಾವು ನಿಮ್ಮ ಪರ ಎಂದರು. ಜನವರಿ 19ಕ್ಕೆ ಲಿಂಕನ್ ಉತ್ತರ ಬರೆದರು. ಅಮೆರಿಕದ ಉತ್ತರದ ಜನ ಹಡಗಿನಲ್ಲಿ ಹಿಟ್ಟು ಕಳಿಸಿದರು. ಮ್ಯಾಂಚೆಸ್ಟರ್‌ನಲ್ಲಿ ಈಗ ಲಿಂಕನ್ನರ ಪ್ರತಿಮೆ ಇದೆ. ಓದಿದರೆ ಕಣ್ಣು ತೇವವಾಗುವ ವ್ಯವಹಾರ ಅದು. ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಆ ಪತ್ರಗಳು ಓಡಾಡಿದ್ದು ಅವರಿಬ್ಬರ ನಡುವೆ. ಮೂರನೆಯವನೊಬ್ಬ ಎರೆಹೊಲದಲ್ಲಿ ಜೋಳ ತೆಗೆದು ಹತ್ತಿ ಹಾಕುತ್ತಿದ್ದ. ಅವನಿಗೆ ಯಾರೂ ಬರೆಯಲಿಲ್ಲ, ಅವನು ಯಾರಿಗೂ ಬರೆಯಲಿಲ್ಲ. ನಾಲ್ಕೈದು ವರ್ಷ ಹಿಂದೆಯಷ್ಟೇ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯರ ಬಂಡಾಯ ಅಡಗಿಸಿದ ಸರ್ಕಾರ ಅದು. ಅದೇ ಊರುಗಳ ಸುತ್ತ ಈಗ ಹತ್ತಿ ಹೆಚ್ಚಿಸಿ ಎಂದು ಹೇಳಿಕೊಂಡು ತಿರುಗುತ್ತಿತ್ತು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದರು. ಸುದ್ದಿ ಹಡಗು ಹತ್ತಿ ಇಂಗ್ಲೆಂಡಿಗೆ, ಅಲ್ಲಿಂದ ಮುಂಬಯಿಗೆ ಬರಲು ವಾರಗಳೇ ಹಿಡಿದವು. ಬಂದ ಕೂಡಲೇ ಹತ್ತಿ ಧಾರಣೆ ಗೂಟ ಕಿತ್ತ ಹಂದರದ ಹಾಗೆ ಕುಸಿಯಿತು. ಮುಂಬಯಿಯಲ್ಲಿ ಆ ನಾಲ್ಕು ವರ್ಷ ಹತ್ತಿಯ ದುಡ್ಡು ಎಷ್ಟು ಹರಿದಿತ್ತೆಂದರೆ ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳ ಷೇರಿಗೆ ಜನ ಮುಗಿಬಿದ್ದಿದ್ದರು. ಬ್ಯಾಕ್‌ಬೇ ಕಂಪನಿಯ ಐದು ಸಾವಿರದ ಷೇರು ಹತ್ತು ಪಟ್ಟಿಗೂ ಹೋಗಿತ್ತು. ಜುಲೈ 1ಕ್ಕೆ ವಾಯಿದೆ ಚುಕ್ತಾ ಆಗಬೇಕು, ಆಗಲಿಲ್ಲ. ಪ್ರೇಮಚಂದ್ ರಾಯಚಂದ್‌ರಂಥ ಕುಳವೇ ಉರುಳಿದ ಮೇಲೆ ಉಳಿದವರ ಪಾಡೇನು? ಬ್ಯಾಂಕ್ ಆಫ್ ಬಾಂಬೆ ಕೂಡ ಮುಳುಗಿತು. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ನೋಡಿದ್ದೀರಲ್ಲ, ಅದು ಆ ಕಾಲದ ಪ್ರೇಮಚಂದರ ದೇಣಿಗೆ, ಅವರ ತಾಯಿಯ ಹೆಸರಲ್ಲಿ. ಅದರ ಒಂದೊಂದು ಕಲ್ಲಿನಲ್ಲಿ ನಮ್ಮ ಅಂಡಿಗೆಯ ಪಾಲೂ ಇದ್ದೀತು ಎಂದು ನಾನು ಮುಂಬಯಿಗೆ ಹೋದಾಗಲೆಲ್ಲ ಹೆಂಡತಿಗೆ ಹೇಳುತ್ತೇನೆ. ಆಕೆಗೆ ಕೇಳಿ ಕೇಳಿ ಸಾಕಾಗಿದೆ.

ಇಲ್ಲಿಂದ ಮುಂದಿನದೇ ನನಗೆ ಮುಖ್ಯ. ಯುದ್ಧ ನಿಂತ ಮೇಲೆ ಲೆಕ್ಕ ಚುಕ್ತಾ ಮಾಡುವ ಕೆಲಸ ಶುರುವಾಗುತ್ತದೆ. ಆಗ ಯಾರ ಕೈಯಲ್ಲಿ ಎಂಥ ಕಾಗದ ಇದೆ ಎಂಬುದರ ಮೇಲೆ ಎಲ್ಲ ನಿಲ್ಲುತ್ತದೆ.

ಗೆದ್ದ ಅಮೆರಿಕ ಸರ್ಕಾರದ ಸಾಲ 1860ರಲ್ಲಿ ಆರೂವರೆ ಕೋಟಿ ಡಾಲರ್ ಇದ್ದದ್ದು ಯುದ್ಧ ಮುಗಿಯುವ ಹೊತ್ತಿಗೆ 270 ಕೋಟಿ ಡಾಲರಿನ ಆಸುಪಾಸು. ಬಾಂಡು ಹಿಡಿದವರಿಗೆ ಅದನ್ನು ತೀರಿಸಿದರು. ಸೋತ ದಕ್ಷಿಣದವರು 1863ರಲ್ಲಿ ಲಂಡನ್, ಪ್ಯಾರಿಸ್ ಪೇಟೆಗಳಲ್ಲಿ ಮೂವತ್ತು ಲಕ್ಷ ಪೌಂಡ್ ಎತ್ತಿದ್ದರು; ಬಾಂಡು ಕೊಟ್ಟರೆ ಪೌಂಡ್ ತೂಕಕ್ಕೆ ಆರು ಪೆನ್ಸ್ ದರದಲ್ಲಿ ಹತ್ತಿ ಕೊಡುತ್ತೇವೆ ಎಂಬ ಕರಾರು. 1868ರ ಹದಿನಾಲ್ಕನೆಯ ತಿದ್ದುಪಡಿ ಆ ಸಾಲ ಸಾಲವೇ ಅಲ್ಲ ಎಂದಿತು. ಲಂಡನ್ನಿನ ಧನಿಕರ ಕಾಗದ ರದ್ದಿಯಾಯಿತು. ಸಂವಿಧಾನಕ್ಕೆ ಒಂದು ವಾಕ್ಯ ಸೇರಿಸಿ ಸಾಲ ಅಳಿಸಬಹುದು, ಅಳಿಸುವ ಕೈ ಗೆದ್ದವನದಾಗಿದ್ದರೆ. ನಮ್ಮ ರೈತನ ಸಾವಕಾರಿ ಕಾಗದಕ್ಕೆ ಅಂಥ ತಿದ್ದುಪಡಿ ಬರಲಿಲ್ಲ.

ಬೇರೆ ಕಡೆ ಏನಾಯಿತು ನೋಡಿ. ಈಜಿಪ್ಟಿನ ಖೆದಿವ್ ಇಸ್ಮಾಯಿಲ್ ಪಟ್ಟಕ್ಕೆ ಬಂದದ್ದು 1863ರಲ್ಲಿ, ಹತ್ತಿ ಉಕ್ಕುತ್ತಿದ್ದಾಗ. ಈ ಬೆಲೆ ಶಾಶ್ವತ ಎಂಬಂತೆ ಯುರೋಪಿನಲ್ಲಿ ಸಾಲ ಎತ್ತಿ ಕಾಲುವೆ, ರೈಲು, ಅರಮನೆ ಕಟ್ಟಿದ. 1875ರಲ್ಲಿ ಸೂಯೆಜ್ ಕಾಲುವೆಯ ಷೇರುಗಳನ್ನು ನಲವತ್ತು ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ, ಮರುವರ್ಷ ದಿವಾಳಿ, 1882ರಲ್ಲಿ ಬ್ರಿಟಿಷ್ ಸೈನ್ಯ ಬಂದೇಬಿಟ್ಟಿತು. ಅತ್ತ ರಷ್ಯಾ ಇನ್ನು ಅಮೆರಿಕದ ಹತ್ತಿಯನ್ನು ನಂಬಬಾರದು ಎಂದು ಮಧ್ಯ ಏಷ್ಯಾದ ಕಡೆ ನೋಡಿತು. ಲೀ ಶರಣಾದ ವರ್ಷವೇ ತಾಷ್ಕೆಂಟ್ ಅದರ ಕೈಸೇರಿತು. ಆ ನೆಲದ ಹತ್ತಿಯ ದಾಹಕ್ಕೆ ಮುಂದಿನ ಶತಮಾನದಲ್ಲಿ ಅರಲ್ ಸಮುದ್ರವೇ ಬತ್ತಿತು. ಅಮೆರಿಕದಲ್ಲಿ ಜೀತ ಹೋಯಿತು, ಕೋರುಪಾಲು ಬಂತು. ಬಿಡುಗಡೆಯಾದವನು ಬಿತ್ತನೆಗೆ ಸಾಲ, ಸುಗ್ಗಿಗೆ ಲೆಕ್ಕ ಎಂಬ ಗಾಣಕ್ಕೆ ಬಿದ್ದ, ಹತ್ತಿಯನ್ನೇ ಬೆಳೆದ. 1870ರ ದಶಕದಲ್ಲಿ ಅಮೆರಿಕ ತನ್ನ ಹಳೆಯ ಗಿರಾಕಿಗಳನ್ನು ವಾಪಸು ಪಡೆಯಿತು. ನಮ್ಮ ಹತ್ತಿ ಮತ್ತೆ 'ಸೂರತ್' ಆಯಿತು.

ಸಾಲ ಮಾತ್ರ ಊರಲ್ಲೇ ಉಳಿಯಿತು. ಪುಣೆ ಸೀಮೆಯ ಇಂದಾಪುರದಲ್ಲಿ 1867ರಲ್ಲಿ, ಯುದ್ಧಕಾಲದ ಏರಿದ ಧಾರಣೆ ನೋಡಿ, ಕಂದಾಯವನ್ನು ಒಂದೂವರೆ ಪಟ್ಟಿಗೂ ಮೇಲೆ ಏರಿಸಿದರು. ಅಷ್ಟೊತ್ತಿಗೆ ಧಾರಣೆ ಇಳಿದಾಗಿತ್ತು. 1875ರ ಮೇ ತಿಂಗಳಲ್ಲಿ ಸೂಪಾ ಎಂಬ ಊರಿನಿಂದ ಶುರುವಾಗಿ ಪುಣೆ, ಅಹಮದ್‌ನಗರದ ರೈತರು ಸಾವಕಾರರ ಮನೆಗೆ ನುಗ್ಗಿದರು. ಅವರು ಹುಡುಕಿದ್ದು ಬಂಗಾರವನ್ನಲ್ಲ, ಕಾಗದ. ಕರಾರುಪತ್ರ, ಡಿಕ್ರಿ, ಖಾತೆ ಪುಸ್ತಕ ತಂದು ಬೀದಿಯಲ್ಲಿ ಸುಟ್ಟರು. ಸುಡದೆ ಏನು ಮಾಡಿಯಾರು? ಇದ್ದದ್ದು ಒಂದೇ ಪುಸ್ತಕ, ಅದೂ ಎದುರಿನವನದು. 1879ರಲ್ಲಿ ಸರ್ಕಾರ ರೈತರ ಪರಿಹಾರಕ್ಕೆ ಒಂದು ಕಾಯಿದೆ ಮಾಡಿತು. ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಎಂಬ ನಾಲ್ಕು ಜಿಲ್ಲೆಗೆ ಮಾತ್ರ. ಧಾರವಾಡದವರು ಪುಸ್ತಕ ಸುಟ್ಟಿರಲಿಲ್ಲ, ಕಾಯಿದೆಯೂ ಸಿಗಲಿಲ್ಲ. ನಡುವೆ 1876ರಿಂದ 78ರ ಬರ. ಧಾರವಾಡ, ಕಲಾದಗಿ, ಬಳ್ಳಾರಿ, ಅತ್ತ ಮೈಸೂರು, ಎಲ್ಲ ಕಡೆ ಹೆಣ. ಬರ ತಂದದ್ದು ಹತ್ತಿಯಲ್ಲ, ಮಳೆ ಹೋಯಿತು. ಆದರೆ ಹಗೇವಿನಲ್ಲಿ ಜೋಳವಿಲ್ಲದೆ, ತಲೆಮೇಲೆ ಸಾಲ ಹೊತ್ತು ಬರವನ್ನು ಎದುರಿಸಿದವನ ಪಾಡು ಬೇರೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ.

ಈ ಕತೆಯನ್ನು ನಾನು ಜೋಡಿಸಿದ್ದು ಯಾವುದರಿಂದ ಗೊತ್ತೆ? ಲಿವರ್‌ಪೂಲಿನ ಧಾರಣೆ ಪಟ್ಟಿ, ಮ್ಯಾಂಚೆಸ್ಟರ್‌ನ ಮನವಿಗಳು, ಮುಂಬಯಿಯ ಷೇರು ಲೆಕ್ಕ, ಕಲೆಕ್ಟರರ ವರದಿ. ನೇಗಿಲ ಕುಳ, ಗಾಡಿಯ ಪಟ್ಟಿ ಕೂಡ ಬೆಳ್ಳಿಯಲ್ಲಿ ಮಾಡಿಸಿದರು ಎಂದು ಆ ಕಾಲದ ಸಾಹೇಬರು ಬರೆದದ್ದುಂಟು. ಒಬ್ಬ ರೈತನ ಕೈಬರಹ ಸಿಕ್ಕಿದ್ದರೆ ಕೇಳಬಹುದಿತ್ತು: ಬೆಳ್ಳಿ ಎಷ್ಟು ತೊಲ, ಯಾವ ವರ್ಷ ಒತ್ತೆಗೆ ಹೋಯಿತು? ಸಿಕ್ಕಿಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. ಹಾವೇರಿ ಜಿಲ್ಲೆಯ ಹುಡುಗನೊಬ್ಬ, ಡಾಕ್ಟರಾಗಲು ಹೋದವನು, ಖಾರ್ಕಿವ್‌ನಲ್ಲಿ ತೀರಿಕೊಂಡ. ಬೆಲೆಯ ಮಾತಿಗೆ ಮೊದಲು ಅದನ್ನು ಹೇಳದೆ ಮುಂದೆ ಹೋಗಲು ನನಗಾಗದು. ಆಮೇಲೆ ಸೂರ್ಯಕಾಂತಿ ಎಣ್ಣೆ ಏರಿತು, ನಮಗೆ ಆಗ ಬರುತ್ತಿದ್ದುದರಲ್ಲಿ ಬಹುಪಾಲು ಅಲ್ಲಿಯದೇ. ಪೊಟ್ಯಾಷ್ ಏರಿತು, ರಷ್ಯಾ, ಬೆಲಾರೂಸ್ ಎರಡೂ ಅದರ ದೊಡ್ಡ ಗಣಿಗಳು. ಆ ಮೇ ತಿಂಗಳಲ್ಲಿ ಅರಳೆ ಖಂಡಿಗೆ ಒಂದು ಲಕ್ಷ ದಾಟಿದ್ದು ನಿಮಗೆ ಇನ್ನೂ ಕನಸಲ್ಲಿ ಬರುತ್ತಿರಬಹುದು. ಅದಕ್ಕೆ ಯುದ್ಧವೊಂದೇ ಕಾರಣವಲ್ಲ, ಇಳುವರಿ ಕಡಿಮೆ, ಕೋವಿಡ್ ಕಳೆದ ಮೇಲಿನ ಬೇಡಿಕೆ, ಎಲ್ಲ ಸೇರಿತ್ತು. ಆದರೆ ಆ ಧಾರಣೆ ನೋಡಿ ಮರುವರ್ಷ ಜೋಳ, ಕಡಲೆ ತೆಗೆದು ಹತ್ತಿ ಹಾಕಿದವರು, ಕೊಳವೆಬಾವಿಗೆ ಸಾಲ ಎತ್ತಿದವರು ನಿಮ್ಮಲ್ಲಿ ಎಷ್ಟು ಮಂದಿ? ಕೈ ಎತ್ತಬೇಡಿ. ಅಂಥ ಸಾಲದ ಅರ್ಜಿಗೆ ಸಹಿ ಹಾಕುವ ಕುರ್ಚಿಯಲ್ಲೇ ನಾನೂ ಕೂತವನು. ಏರಿದ ವರ್ಷದ ಧಾರಣೆಯನ್ನೇ ಆದಾಯ ಎಂದು ಬರೆದುಕೊಳ್ಳುವುದು ಮೇಜಿನ ಆಚೆಗೂ ಈಚೆಗೂ ಹಿತವಾಗಿರುತ್ತದೆ.

ಸುತ್ತು ಬಳಸಿ ಬಂದ ಏಟು ಇನ್ನೊಂದಿದೆ. ಯುದ್ಧದ ನಂತರ ಯುರೋಪು ಬೇಡವೆಂದ ರಷ್ಯಾದ ತೈಲ ಅಗ್ಗಕ್ಕೆ ಸಿಕ್ಕಿತು, ನಮ್ಮ ದೇಶ ಕೊಂಡಿತು. ನೂರಕ್ಕೆ ಎರಡರಷ್ಟೂ ಇರದ ರಷ್ಯಾದ ಪಾಲು ಮೂರನೇ ಒಂದು ಭಾಗಕ್ಕೆ ಏರಿತು. ಅದೇ ನೆಪದಲ್ಲಿ ಅಮೆರಿಕ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಶೇಕಡಾ 25ರಷ್ಟು ದಂಡದ ಸುಂಕ ಹೇರಿತು, ಮೊದಲಿನದು ಸೇರಿ 50. ಬಟ್ಟೆ ಹೊಲಿದು ಅಮೆರಿಕಕ್ಕೆ ಕಳಿಸುವವರು ಕಂಗಾಲಾದರು. ಅವರಿಗೆ ಆಸರೆಯಾಗಲಿ ಎಂದು ಕೇಂದ್ರ ಸರ್ಕಾರ ಅದೇ ತಿಂಗಳು 19ರಿಂದ ಪರದೇಶದ ಹತ್ತಿಯ ಮೇಲಿದ್ದ ಶೇಕಡಾ 11ರ ಆಮದು ಸುಂಕವನ್ನು ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯ ತನಕ ಎಂದರು, ಆಮೇಲೆ ಡಿಸೆಂಬರ್ 31ರ ತನಕ. ನಿಮ್ಮ ಹತ್ತಿ ಪೇಟೆಗೆ ಬರುವುದೂ ಅದೇ ತಿಂಗಳುಗಳಲ್ಲಿ. ಬೆಂಬಲ ಬೆಲೆ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110 ಎಂದು ಘೋಷಣೆಯಾಗಿತ್ತು. ಹಲವು ಪೇಟೆಗಳಲ್ಲಿ ಸವಾಲು ಅದರ ಕೆಳಗೇ ನಿಂತಿತು.

ಗಿರಣಿಯವರನ್ನು ನಾನು ಬೈಯುವುದಿಲ್ಲ. ಗಿರಣಿ ನಿಂತರೆ ನಿಮ್ಮ ಅರಳೆ ಯಾರು ಕೊಳ್ಳಬೇಕು? ಆದರೆ ದಿಲ್ಲಿಯ ಮೇಜಿನ ಮೇಲೆ ಜವಳಿ ಉದ್ಯಮದ ಸಂಘಗಳು ಲೆಕ್ಕ ಇಟ್ಟವು: ಇಷ್ಟು ಆರ್ಡರು ಹೋಯಿತು, ಪರದೇಶದ ಅರಳೆಗೂ ಇಲ್ಲಿಯದಕ್ಕೂ ಇಷ್ಟು ಅಂತರ. ನಿಮ್ಮ ಪರವಾಗಿ ಏನಿತ್ತು? ನಷ್ಟವಾಗುತ್ತದೆ ಎಂಬ ಹೇಳಿಕೆ, ಒಂದು ರಸ್ತೆ ತಡೆ, ಪತ್ರಿಕೆಯಲ್ಲಿ ಫೋಟೊ. ನವಲಗುಂದ ತಾಲೂಕಿನಲ್ಲಿ ಆ ಹಂಗಾಮಿಗೆ ಕ್ವಿಂಟಲಿಗೆ ಖರ್ಚು ಎಷ್ಟು ಬಿತ್ತು, ಸುಂಕ ತೆಗೆದ ವಾರ ಸವಾಲು ಎಷ್ಟು ಇಳಿಯಿತು, ಎಷ್ಟು ಮನೆಗಳಲ್ಲಿ ಹತ್ತಿಯನ್ನು ಅಟ್ಟಕ್ಕೇರಿಸಿ ಸಾಲದ ಬಡ್ಡಿ ಕಟ್ಟಿದರು? ಇದನ್ನು ಹೇಳುವ ಕಾಗದ ಸರ್ಕಾರದ ಹತ್ತಿರವೂ ಇಲ್ಲ, ನಿಮ್ಮ ಹತ್ತಿರವೂ ಇಲ್ಲ. ಪುಸ್ತಕ ಇನ್ನೂ ಒಂದೇ ಕಡೆ ಇದೆ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಪೇಟೆಯಲ್ಲಿ ಕೊಡುವ ತೂಕದ ಚೀಟಿ, ಪಟ್ಟಿಯ ಚೀಟಿ ಇವನ್ನು ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹಾಕಬೇಡಿ. ಅದರ ಬೆನ್ನು ಖಾಲಿ ಇರುತ್ತದೆ. ಅಲ್ಲಿ ಬರೆಯಿರಿ: ಬೀಜಕ್ಕೆ ಎಷ್ಟು, ಗೊಬ್ಬರದ ಚೀಲಕ್ಕೆ ಎಷ್ಟು, ಬಿಡಿಸಿದವರಿಗೆ ಕಿಲೋಗೆ ಎಷ್ಟು, ಗಾಡಿ ಬಾಡಿಗೆ, ಸೂಟ ಎಂದು ಕಡಿದದ್ದು. ಆಮೇಲೆ, ಅಪ್ಪ ಮಾಡುತ್ತಿದ್ದ ಹಾಗೆ, ಆ ವಾರ ಟಿವಿಯಲ್ಲಿ ಏನು ಸುದ್ದಿ ಇತ್ತು ಎಂದು ಒಂದು ಸಾಲು. ಎಲ್ಲಿ ಲಡಾಯಿ, ಯಾರು ಯಾರಿಗೆ ಸುಂಕ ಹಾಕಿದರು, ಅಷ್ಟು ಸಾಕು. ನಂಟು ಇದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಹತ್ತು ಚೀಟಿ ಒಟ್ಟಿಗೆ ಇಟ್ಟಾಗ ತಾನೇ ಕಾಣುತ್ತದೆ. ಊರಿನ ಸೊಸೈಟಿಯಲ್ಲೋ ರೈತ ಉತ್ಪಾದಕರ ಕಂಪನಿಯಲ್ಲೋ ಒಂದು ಡಬ್ಬಿ ಇಟ್ಟು ಹಾಕಿ. ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಿದರೂ ಆದೀತು, ಓದು ಕಲಿತ ಮಕ್ಕಳು ಕೂಡಿಸಿಕೊಡುತ್ತಾರೆ. ಐದು ನೂರು ಮನೆಯ ಚೀಟಿ ಹಿಡಿದು ಹೋದವನನ್ನು ಯಾವ ಅಧಿಕಾರಿಯೂ ನಾಳೆ ಬಾ ಎನ್ನಲಾರ. ಎಂದರೂ, ನಾಳೆ ಹೋಗಲು ಕೈಯಲ್ಲಿ ಏನಾದರೂ ಇರುತ್ತದೆ.

ಕಳೆದ ಹಂಗಾಮಿನಲ್ಲಿ ಅಮರಗೋಳದ ಯಾರ್ಡಿಗೆ ಹೋಗಿದ್ದೆ, ಸುಮ್ಮನೆ, ಹಳೆಯ ಚಟ. ಅಂಡಿಗೆಗೆ ಒರಗಿ ಒಬ್ಬ ಹೆಣ್ಣುಮಗಳು ಕೂತಿದ್ದರು, ಗಂಡ ಚಹಾಕ್ಕೆ ಹೋಗಿದ್ದ. ಮಾತಿಗೆ ಮಾತು ಬೆಳೆದು ನನ್ನ ಈ ಹುಚ್ಚನ್ನು ಅವರಿಗೂ ಹೇಳಿದೆ. ನಕ್ಕು ಚೀಟಿ ತೆಗೆದು ಕೊಟ್ಟರು, ನೀವೇ ಬರೀರಿ ಅಂತ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬೀಜ, ಗೊಬ್ಬರ, ಔಷಧ, ಬಿಡಿಸಿದ ಕೂಲಿ, ಹಮಾಲಿ. ಕೆಳಗೆ ಅಮೆರಿಕದ ಸುಂಕದ ಸುದ್ದಿ ಒಂದು ಸಾಲು ಸೇರಿಸಿ, ತಾರೀಖು ಹಾಕಿ, ಒಮ್ಮೆ ಗಟ್ಟಿಯಾಗಿ ಓದಿ ಹೇಳಿದೆ. ಅಮೆರಿಕದ ಸಾಲಿಗೆ ಅವರು ಏನೂ ಅನ್ನಲಿಲ್ಲ. ಹಮಾಲಿಯ ಹತ್ತಿರ ಬಂದಾಗ ಕೈ ಅಡ್ಡ ಹಿಡಿದರು.

"ನಲವತ್ತಲ್ರೀ, ನಲವತ್ತೈದು. ಸರಿ ಮಾಡ್ರಿ."

ಇಂತಿ,
ಅಡತಿ ಅಂಗಡಿಯ ಗುಮಾಸ್ತನೊಬ್ಬನ ಮಗ, ಹುಬ್ಬಳ್ಳಿ